ಆಮೆಗೆ ಟ್ರಾನ್ಸ್‌ಫರ್ ಆರ್ಡರ್

ಕೆಲವು ವಾರಗಳ ಹಿಂದೆ ಆಫೀಸಿನ ಕೆಫೆಟೇರಿಯಾದಲ್ಲಿ ಊಟಕ್ಕೆ ಕೂತಿದ್ವಿ. ಮಾತು ಅಪ್ರೈಸಲ್‌ನಿಂದ ಶುರುವಾಗಿ ಸರ್ಜಾಪುರ ರಸ್ತೆಯ ಟ್ರಾಫಿಕ್ ದಾಟಿ, ಅದು ಹೇಗೋ ಗ್ರೇಟ್ ನಿಕೋಬಾರ್ ದ್ವೀಪಕ್ಕೆ ಬಂತು. ಅಲ್ಲಿ ದೊಡ್ಡ ಬಂದರು ಕಟ್ಟುತ್ತಿದ್ದಾರೆ, ಆಮೆಗಳಿಗೆ ತೊಂದರೆ ಅಂತ ಯಾರೋ ತಕರಾರು ತೆಗೆದಿದ್ದಾರೆ ಅನ್ನೋ ಸುದ್ದಿಯನ್ನ ಒಬ್ಬ ಮೊಬೈಲಿನಲ್ಲಿ ಓದಿ ಹೇಳಿದ. ಪಕ್ಕದಲ್ಲಿದ್ದ ಇನ್ನೊಬ್ಬ ಗೆಳೆಯ ಚಪಾತಿ ಮುರಿಯುತ್ತಾ ಅಂದ: "ಮಗಾ, ಒಂದು ಆಮೆಗೋಸ್ಕರ ಎಪ್ಪತ್ತೆರಡು ಸಾವಿರ ಕೋಟಿ ಪ್ರಾಜೆಕ್ಟ್ ನಿಲ್ಲಿಸ್ತಾರಾ? ಪಕ್ಕದ ಬೀಚಿಗೆ ಹೋಗಿ ಮೊಟ್ಟೆ ಇಡ್ಲಿ ಬಿಡು."

ಎಲ್ಲರೂ ನಕ್ಕರು. ನಿಜ ಹೇಳ್ತೀನಿ, ನಾನೂ ನಕ್ಕೆ.

ಸಂಜೆ ಕ್ಯಾಬಿನಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ಮುಕ್ಕಾಲು ಗಂಟೆ ನಿಂತಿದ್ದಾಗ ಆ ನಗು ಗಂಟಲಿಗೆ ಸಿಕ್ಕಿಕೊಂಡ ಹಾಗಾಯ್ತು. ಯಾಕಂದ್ರೆ "ಪಕ್ಕಕ್ಕೆ ಹೋಗಲಿ ಬಿಡು" ಅನ್ನೋ ಮಾತನ್ನ ನಾನು ಮೊದಲ ಸಲ ಕೇಳಿದ್ದಲ್ಲ. ಅದರ ಕಥೆ ಕೊನೆಗೆ ಹೇಳ್ತೀನಿ. ಮೊದಲು ಈ "ಪಕ್ಕದ ಬೀಚು" ಅನ್ನೋ ಮಹಾ ಐಡಿಯಾವನ್ನ ಒಂದು ಕೈ ನೋಡೋಣ.

ಗ್ರೇಟ್ ನಿಕೋಬಾರ್ ಅಂದ್ರೆ ಭಾರತದ ಭೂಪಟದ ತೀರಾ ಕೆಳಗೆ, ಬಲಗಡೆ ಮೂಲೆಯಲ್ಲಿರುವ ದ್ವೀಪ. ನಮ್ಮ ದೇಶದ ದಕ್ಷಿಣದ ತುದಿ ಕನ್ಯಾಕುಮಾರಿ ಅಲ್ಲ, ಈ ದ್ವೀಪದ ಇಂದಿರಾ ಪಾಯಿಂಟ್. ಅಲ್ಲಿಂದ ಇಂಡೋನೇಷ್ಯಾದ ಸುಮಾತ್ರಾ ಸುಮಾರು 150 ಕಿಲೋಮೀಟರ್. ಬೆಂಗಳೂರಿಂದ ಮೈಸೂರಿಗೆ ಹೋದಷ್ಟು ದೂರ ಅಷ್ಟೇ. ದ್ವೀಪದ ಮಧ್ಯದಿಂದ ದಕ್ಷಿಣಕ್ಕೆ ಹರಿದು ಬರೋ ಗಲಾಥಿಯಾ ಅನ್ನೋ ನದಿ ಕಡಲು ಸೇರೋ ಜಾಗವೇ ಗಲಾಥಿಯಾ ಕೊಲ್ಲಿ. ಬಂದರು ಬರಬೇಕಿರೋದು ಅಲ್ಲೇ. ಬಂದರು ಒಂದೇ ಅಲ್ಲ, ಜೊತೆಗೆ ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಒಂದು ಇಡೀ ಟೌನ್‌ಶಿಪ್. ಒಟ್ಟು 166 ಚದರ ಕಿಲೋಮೀಟರ್ ಯೋಜನೆ, ಅದರಲ್ಲಿ 130 ಚದರ ಕಿಲೋಮೀಟರ್ ಕಾಡು. 2022ರ ನವೆಂಬರಿನಲ್ಲಿ ಪರಿಸರ ಅನುಮತಿಯೂ ಸಿಕ್ಕಿತು.

ಈ ಕೊಲ್ಲಿಯ ಮರಳಿಗೆ ಬಹಳ ಹಿಂದಿನಿಂದ ಒಬ್ಬ ಬಾಡಿಗೆದಾರ ಇದ್ದಾನೆ. ಇದ್ದಾಳೆ ಅನ್ನಬೇಕು. ಲೆದರ್‌ಬ್ಯಾಕ್ ಆಮೆ. ಗಟ್ಟಿ ಚಿಪ್ಪಿಲ್ಲದೆ, ಏಣುಏಣಾದ ಚರ್ಮದ ಬೆನ್ನಿರುವ ಕಡಲಾಮೆ. ಕಡಲಾಮೆಗಳಲ್ಲೆಲ್ಲ ದೊಡ್ಡದು. ಮುನ್ನೂರು, ನಾನೂರು ಕಿಲೋ ತೂಗುತ್ತೆ, ಅಂದ್ರೆ ನಮ್ಮೂರ ಕಡೆಯ ಒಳ್ಳೇ ಎಮ್ಮೆಯಷ್ಟು. ಸಾವಿರ ಮೀಟರಿಗೂ ಆಳಕ್ಕೆ ಮುಳುಗುತ್ತೆ. ತಿನ್ನೋದು ಮುಖ್ಯವಾಗಿ ಲೋಳೆಮೀನು, ಅಂದ್ರೆ ಜೆಲ್ಲಿಫಿಶ್. ಎರಡು ಮೂರು ವರ್ಷಕ್ಕೊಮ್ಮೆ ಹೆಣ್ಣಾಮೆ ರಾತ್ರಿ ಹೊತ್ತು ದಡಕ್ಕೆ ಬಂದು, ಹಿಂಗಾಲಲ್ಲಿ ಮರಳು ತೋಡಿ ಮೊಟ್ಟೆ ಇಟ್ಟು, ಮುಚ್ಚಿ, ಮತ್ತೆ ನೀರಿಗೆ ಹೋಗುತ್ತೆ. ಒಂದೇ ಸೀಸನ್ನಿನಲ್ಲಿ ಹತ್ತು ಹತ್ತು ದಿನಕ್ಕೊಮ್ಮೆ ಹೀಗೆ ಹಲವು ಸಲ. ಸುಮಾರು ಎರಡು ತಿಂಗಳಿಗೆ ಮರಿ ಹೊರಬರುತ್ತೆ. ಮರಿ ಗಂಡೋ ಹೆಣ್ಣೋ ಅಂತ ತೀರ್ಮಾನಿಸೋದು ಮರಳಿನ ಬಿಸಿ. ಬಿಸಿ ಹೆಚ್ಚಾದ್ರೆ ಹೆಣ್ಣು, ಕಡಿಮೆಯಾದ್ರೆ ಗಂಡು. ಮರಳು ಅನ್ನೋದು ಆಮೆಗೆ ಬರೀ ಜಾಗ ಅಲ್ಲ, ಬಸುರು ಅಂತಲೇ ಹೇಳಬಹುದು.

ಇವತ್ತು ಭಾರತದಲ್ಲಿ ಈ ಆಮೆ ನೆಲೆಯಾಗಿ ಮೊಟ್ಟೆ ಇಡೋದು ಅಂಡಮಾನ್ ನಿಕೋಬಾರ್‌ನಲ್ಲಿ ಮಾತ್ರ. ಅದರಲ್ಲೂ ಮುಖ್ಯವಾದ ಕೆಲವೇ ತೀರಗಳಲ್ಲಿ ಗಲಾಥಿಯಾ ಒಂದು.

"ಇದೆಲ್ಲ ಯಾರು ನೋಡಿ ಹೇಳಿದ್ರು?" ಅಂತ ಕೇಳಬಹುದು. ಅದೇ ನಾನು ಹೇಳಬೇಕಾಗಿರೋ ವಿಷಯ.

ಸತೀಶ್ ಭಾಸ್ಕರ್ ಅಂತ ಒಬ್ಬರಿದ್ದರು. 2023ರಲ್ಲಿ ತೀರಿಕೊಂಡರು. ಮದ್ರಾಸ್ ಐಐಟಿಗೆ ಇಂಜಿನಿಯರಿಂಗ್ ಓದಲು ಸೇರಿದ ಹುಡುಗ, ಕ್ಲಾಸಿಗಿಂತ ಕಡಲ ದಡದಲ್ಲೇ ಹೆಚ್ಚು ಕಾಲ ಕಳೆದು, ಕೊನೆಗೆ ಕಡಲಾಮೆಗಳನ್ನೇ ಬದುಕು ಮಾಡಿಕೊಂಡವರು. 1970ರ ದಶಕದಲ್ಲಿ ಭಾರತದಲ್ಲಿ ಕಡಲಾಮೆ ಎಲ್ಲೆಲ್ಲಿ ಮೊಟ್ಟೆ ಇಡುತ್ತೆ ಅನ್ನೋದಕ್ಕೆ ಸರಿಯಾದ ಪಟ್ಟಿಯೇ ಇರಲಿಲ್ಲ. ಇವರು ಸಾವಿರಾರು ಕಿಲೋಮೀಟರ್ ಕಡಲತೀರ ಕಾಲ್ನಡಿಗೆಯಲ್ಲಿ ತಿರುಗಿ ಗೂಡು ಎಣಿಸಿದರು. ಲಕ್ಷದ್ವೀಪದ ಸುಹೇಲಿ ಅನ್ನೋ ಜನವಸತಿ ಇಲ್ಲದ ದ್ವೀಪದಲ್ಲಿ ಹಸಿರು ಆಮೆಗಳು ಮಳೆಗಾಲದಲ್ಲಿ ಮೊಟ್ಟೆ ಇಡುತ್ತವೆ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗಲ್ಲ. ಹಾಗಾಗಿ 1982ರಲ್ಲಿ ಮಳೆ ಶುರುವಾಗೋ ಮೊದಲೇ ಹೋಗಿ ಇಳಿದು, ಐದು ತಿಂಗಳು ಒಬ್ಬರೇ ಇದ್ದರು. ಹೆಂಡತಿಗೆ ಕಾಗದ ಬರೆದು ಬಾಟಲಿಗೆ ಹಾಕಿ ಸಮುದ್ರಕ್ಕೆ ಬಿಟ್ಟರು. ಅದು ಶ್ರೀಲಂಕಾದ ಮೀನುಗಾರರೊಬ್ಬರಿಗೆ ಸಿಕ್ಕಿ, ಅವರು ಅದನ್ನ ಪೋಸ್ಟ್ ಮಾಡಿ, ಕಾಗದ ಹೆಂಡತಿಯ ಕೈ ಸೇರಿತು! ಸಿನಿಮಾದಲ್ಲಿ ತೋರಿಸಿದ್ರೆ ನಾವು "ಓವರ್ ಆಯ್ತು" ಅಂತೀವಿ. ನಿಕೋಬಾರ್‌ನ ದಡಗಳನ್ನ ನಡೆದು ಎಣಿಸಿದವರಲ್ಲೂ ಅವರೇ ಮೊದಲಿಗರು.

ಆಮೇಲೆ ಬಂದವರು ನಮ್ಮ ಬೆಂಗಳೂರಿನವರೇ. ಯಶವಂತಪುರದ ಹತ್ತಿರ ಬಸ್ ಕಂಡಕ್ಟರ್‌ಗಳು "ಟಾಟಾ ಇನ್‌ಸ್ಟಿಟ್ಯೂಟ್" ಅಂತ ಕೂಗ್ತಾರಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಮತ್ತವರ ವಿದ್ಯಾರ್ಥಿಗಳು, ಜೊತೆಗೆ ಇದೇ ಊರಿನ ದಕ್ಷಿಣ್ ಫೌಂಡೇಶನ್. 2008ರಿಂದ ಲಿಟಲ್ ಅಂಡಮಾನ್ ದ್ವೀಪದಲ್ಲಿ ಲೆದರ್‌ಬ್ಯಾಕ್‌ಗಳನ್ನ ವರ್ಷ ವರ್ಷವೂ ಎಣಿಸ್ತಾ ಬಂದಿದ್ದಾರೆ. ಚಳಿಗಾಲದ ಸೀಸನ್ ಪೂರ್ತಿ ದಡದಲ್ಲಿ ಬಿಡಾರ. ರಾತ್ರಿಯಿಡೀ ಮರಳ ಮೇಲೆ ನಡಿಗೆ. ಆಮೆ ಸಿಕ್ಕರೆ ಟೇಪ್ ಹಿಡಿದು ಅಳತೆ, ಭುಜದ ಮಾಂಸಕ್ಕೆ ಅಕ್ಕಿಕಾಳಿನಷ್ಟು ಚಿಪ್, ಮುಂದಿನ ಸಲ ಅದೇ ಆಮೆ ಬಂದ್ರೆ ಗುರುತು ಹಿಡಿಯೋಕೆ. ಬೆಳಿಗ್ಗೆ ಎದ್ದು ಗೂಡಿನ ಲೆಕ್ಕ: ನಾಯಿ ಎಷ್ಟು ಕೆದರಿದೆ, ಉಡ ಎಷ್ಟು ತಿಂದಿದೆ, ಅಲೆ ಎಷ್ಟು ಕೊಚ್ಚಿಕೊಂಡು ಹೋಗಿದೆ. ದಾಟೋ ತೊರೆಗಳಲ್ಲಿ ಉಪ್ಪುನೀರಿನ ಮೊಸಳೆ. ಈ ಕೆಲಸದ ಬೆನ್ನೆಲುಬು ಅಂದ್ರೆ ಅಂಡಮಾನಿನ ಕರೆನ್ ಸಮುದಾಯದ ಕ್ಷೇತ್ರ ಸಹಾಯಕರು. ನೂರು ವರ್ಷದ ಹಿಂದೆ ಬರ್ಮಾದಿಂದ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು. ಪೇಪರುಗಳ ಮೇಲೆ ದೊಡ್ಡ ಡಿಗ್ರಿಯವರ ಹೆಸರು ಮುಂದಿರಬಹುದು, ಕತ್ತಲಲ್ಲಿ ತೊರೆ ಎಲ್ಲಿ ದಾಟಬೇಕು ಅಂತ ಗೊತ್ತಿರೋದು ಅವರಿಗೆ.

2011ರಿಂದ ಅವರು ಹತ್ತು ಆಮೆಗಳ ಬೆನ್ನಿಗೆ ಸ್ಯಾಟಲೈಟ್ ಟ್ಯಾಗ್ ಕೂರಿಸಿದರು. ಕೆಲವು ಸುಮಾತ್ರಾ ಪಕ್ಕದಿಂದ ಆಸ್ಟ್ರೇಲಿಯಾ ಕಡೆ ಹೋದವು. ಕೆಲವು ಪಶ್ಚಿಮಕ್ಕೆ ತಿರುಗಿ ಇಡೀ ಹಿಂದೂ ಮಹಾಸಾಗರ ದಾಟಿದವು. ಒಂದಂತೂ ಒಂದು ವರ್ಷ ತುಂಬೋದರೊಳಗೆ 13,000 ಕಿಲೋಮೀಟರಿಗೂ ಹೆಚ್ಚು ಈಜಿ ಆಫ್ರಿಕಾದ ಮೊಜಾಂಬಿಕ್ ತೀರ ಮುಟ್ಟಿತು.

ಈಗ ನನ್ನ ಗೆಳೆಯನ ಪ್ರಶ್ನೆಗೆ ಬರೋಣ. ಆಫ್ರಿಕಾಕ್ಕೆ ಹೋಗೋ ಆಮೆಗೆ ಪಕ್ಕದ ಬೀಚಿಗೆ ಹೋಗೋಕೆ ಏನು ರೋಗ?

ನ್ಯಾಯವಾಗಿ ಒಂದು ಮಾತು ಒಪ್ಪಿಕೊಳ್ತೀನಿ. ಲೆದರ್‌ಬ್ಯಾಕ್ ಬೇರೆ ಕಡಲಾಮೆಗಳಷ್ಟು ಹಠಮಾರಿ ಅಲ್ಲ. ಒಂದೇ ಸೀಸನ್ನಿನಲ್ಲಿ ಅಕ್ಕಪಕ್ಕದ ತೀರಗಳಲ್ಲೂ ಮೊಟ್ಟೆ ಇಡುತ್ತೆ. ಆದ್ರೆ ಯಾವ ತೀರ? ಅಷ್ಟು ತೂಕದ ಪ್ರಾಣಿ ಮೆತ್ತನೆ ಎದೆ ಹೊತ್ತು ಬಂಡೆ, ಹವಳದ ಮೇಲೆ ಉಜ್ಜಿಕೊಂಡು ಬರೋಕಾಗಲ್ಲ. ದಡದವರೆಗೂ ಆಳ ನೀರು ಬೇಕು, ಅಗಲವಾದ ಏರುಮರಳು ಬೇಕು, ಹಿಂದೆ ಕತ್ತಲೆ ಬೇಕು. ಗ್ರೇಟ್ ನಿಕೋಬಾರ್‌ನಲ್ಲಿ ಇಂಥಾ ಜಾಗ ಅಂದ್ರೆ ಗಲಾಥಿಯಾ, ಪಶ್ಚಿಮ ದಡದಲ್ಲಿ ಅಲೆಕ್ಸಾಂಡ್ರಿಯಾ, ಡಾಗ್ಮಾರ್ ನದಿಮುಖಗಳ ತೀರ, ಹೀಗೆ ಬೆರಳೆಣಿಕೆ. ಆ ತೀರಗಳೇನೂ ಖಾಲಿ ಸೈಟ್ ಅಲ್ಲ, ಅಲ್ಲೂ ಈಗಾಗಲೇ ಆಮೆಗಳಿವೆ. ಅದೂ ಅಲ್ಲದೆ ಮೊಟ್ಟೆಯೊಡೆದು ಬಂದ ಮರಿ ನೀರಿನ ದಾರಿ ಕಂಡುಕೊಳ್ಳೋದು ಬೆಳಕಿನಿಂದ. ಕತ್ತಲ ರಾತ್ರಿಯಲ್ಲಿ ಕಡಲ ಕಡೆ ಸ್ವಲ್ಪ ಬೆಳಕು ಜಾಸ್ತಿ, ಅದನ್ನ ನೋಡಿಕೊಂಡು ಓಡುತ್ತೆ. ದಡದಲ್ಲಿ ಹೈಮಾಸ್ಟ್ ದೀಪ ಹಾಕಿದ್ರೆ ಮರಿ ಊರ ಕಡೆಗೆ ಓಡಿ ಬೆಳಗಾಗೋದರೊಳಗೆ ಒಣಗಿ ಸಾಯುತ್ತೆ. ಬಂದರಿಗೆ ದೀಪ ಇಲ್ಲದೆ ಆಗುತ್ತಾ? ರಾತ್ರಿ ಪಾಳಿ ಮಾಡೋ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

ಇನ್ನೊಂದು ವಾದ ಇದೆ, ಸ್ವಲ್ಪ ಓದಿಕೊಂಡವರು ಹೇಳೋದು. "2004ರ ಸುನಾಮಿಯಲ್ಲಿ ಆ ತೀರವೇ ಕೊಚ್ಚಿಹೋಗಿತ್ತು. ಆದ್ರೂ ಆಮೆ ವಾಪಸ್ ಬಂದವಲ್ಲ? ಬಂದರಿಗೂ ಹೊಂದಿಕೊಳ್ತವೆ."

ಸುನಾಮಿ ಬಂದಿದ್ದು ನಿಜ. ದ್ವೀಪದ ದಕ್ಷಿಣ ತುದಿ ನಾಲ್ಕು ಮೀಟರಿನಷ್ಟು ಕುಸಿಯಿತು. ಇಂದಿರಾ ಪಾಯಿಂಟ್‌ನ ದೀಪಸ್ತಂಭದ ಬುಡ ಇವತ್ತೂ ನೀರಿನಲ್ಲಿದೆ. ಗಲಾಥಿಯಾದ ಮರಳೆಲ್ಲ ಹೋಯ್ತು. ಆ ಬೆಳಿಗ್ಗೆ ಅಲ್ಲಿ ಆಮೆ ಅಧ್ಯಯನಕ್ಕೆ ಬಿಡಾರ ಹಾಕಿದ್ದವರಲ್ಲೂ ಜೀವ ಕಳೆದುಕೊಂಡವರಿದ್ದಾರೆ. ಗೂಡು ಎಣಿಸೋ ಕೆಲಸಕ್ಕೆ ಜನ ಪ್ರಾಣ ಕೊಟ್ಟಿದ್ದಾರೆ, ಅದನ್ನ ಒಂದು ನಿಮಿಷ ನೆನೆಸಿಕೊಂಡು ಮುಂದಕ್ಕೆ ಓದಿ. ಆಮೇಲೆ ಏನಾಯ್ತು? ವರ್ಷಗಳು ಕಳೆದ ಹಾಗೆ ಅಲೆಗಳು ಮರಳನ್ನ ಮತ್ತೆ ತಂದು ಹಾಕಿದವು. ದಡ ಮತ್ತೆ ಕೂಡಿಕೊಂಡಿತು. ಆಮೆಗಳು ಮತ್ತೆ ಬಂದವು. ಅಂದ್ರೆ ಸಮುದ್ರ ಕಿತ್ತುಕೊಂಡಿದ್ದನ್ನ ಸಮುದ್ರವೇ ವಾಪಸ್ ಕೊಟ್ಟಿತು. ಕಾಂಕ್ರೀಟು ಹಾಗೆ ವಾಪಸ್ ಕೊಡುತ್ತಾ? ಬಂದರು ಅಂದ್ರೆ ಅಲೆತಡೆ ಗೋಡೆ, ಹೂಳೆತ್ತೋದು, ಹಡಗುಗಳ ಸಾಲು, ವರ್ಷಪೂರ್ತಿ ಬೆಳಕು. ಸುನಾಮಿ ಒಂದು ದಿನ ಬಂತು. ಬಂದರು ದಿನಾ ಇರುತ್ತೆ. ಜ್ವರ ಬಂದು ಗುಣ ಆದವನನ್ನ ನೋಡಿ "ಇವನು ಗಟ್ಟಿ, ಇವನ ಶ್ವಾಸಕೋಶ ತೆಗೆದರೂ ನಡೆಯುತ್ತೆ" ಅಂದ ಹಾಗಾಯ್ತು.

ಈಗ ಸರ್ಕಾರಿ ಕಡತದ ಕಡೆ ಬನ್ನಿ. ಗಲಾಥಿಯಾ ಕೊಲ್ಲಿ ವನ್ಯಜೀವಿ ಅಭಯಧಾಮ ಆಗಿತ್ತು, ಆಮೆಗಳಿಗೋಸ್ಕರವೇ. 2021ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಆ ಅಭಯಧಾಮವನ್ನ ಪಟ್ಟಿಯಿಂದ ಕೈಬಿಡೋಕೆ ಒಪ್ಪಿಗೆ ಕೊಟ್ಟಿತು. ಅದೇ 2021ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ರಾಷ್ಟ್ರೀಯ ಕಡಲಾಮೆ ಕ್ರಿಯಾಯೋಜನೆ ಅಂತ ಒಂದು ಪುಸ್ತಕ ಬಿಡುಗಡೆ ಮಾಡಿತು. ಅದರಲ್ಲಿ ದೇಶದ ಮುಖ್ಯ ಆಮೆ ತೀರಗಳ ಪೈಕಿ ಗಲಾಥಿಯಾ ಕೊಲ್ಲಿಯ ಹೆಸರೂ ಇದೆ. ಒಂದೇ ತಿಂಗಳು. ಎಡಗೈಯಲ್ಲಿ ಅಳಿಸಿದ್ದನ್ನ ಬಲಗೈ ಚಿನ್ನದ ಅಕ್ಷರದಲ್ಲಿ ಬರೀತಿತ್ತು. ನಮ್ಮ ಕಂಪನಿಗಳಲ್ಲಿ ಒಂದು ಟೀಮ್ ಡಿಲೀಟ್ ಮಾಡಿದ ಫೀಚರನ್ನ ಇನ್ನೊಂದು ಟೀಮ್ ಕ್ಲೈಂಟಿಗೆ ಡೆಮೊ ಕೊಡೋದು ನೋಡಿ ನಗ್ತೀವಲ್ಲ, ಇದು ಅದೇ. ಕಳೆದುಹೋಗೋದು ಮಾತ್ರ ಬ್ಯಾಕಪ್ ಇಲ್ಲದ್ದು.

ಅನುಮತಿ ಪತ್ರದಲ್ಲಿ ಏನಂತಾರೆ? ಪರಿಣತ ಸಂಸ್ಥೆಗಳು ಆಮೆಗಳ ಬಗ್ಗೆ ದೀರ್ಘಕಾಲದ ಸಂರಕ್ಷಣಾ ಯೋಜನೆ ಮಾಡಬೇಕು, ನಿಗಾ ಇಡಬೇಕು ಅಂತ. ಕೇಳೋಕೆ ಚೆಂದ. ಆದ್ರೆ ಕ್ರಮ ನೋಡಿ: ಮೊದಲು ತೀರ್ಮಾನ, ಆಮೇಲೆ ಅಧ್ಯಯನ. ಅಧ್ಯಯನದಲ್ಲಿ "ಇಲ್ಲಿ ಬಂದರು ಬೇಡ" ಅಂತ ಗೊತ್ತಾದ್ರೆ ಏನು ಮಾಡ್ತೀರಿ? ಆ ಉತ್ತರಕ್ಕೆ ಫಾರ್ಮಿನಲ್ಲಿ ಕಾಲಮ್ಮೇ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋದು ಅಂತಾರಲ್ಲ, ಇಲ್ಲಿ ಬಾಗಿಲು ಹಾಕೋರಿಗೆ ಸಂಬಳ, ಭತ್ಯೆ, ವಾರ್ಷಿಕ ವರದಿ ಎಲ್ಲಾ ಇದೆ. ಬದಲಾಯಿಸೋ ಅಧಿಕಾರ ಇಲ್ಲದ ಸಂಶೋಧನೆ ತಿಥಿಗೆ ತರಕಾರಿ ಹೆಚ್ಚಿದ ಹಾಗೆ. ಕೈ ತುಂಬಾ ಕೆಲಸ ಇರುತ್ತೆ, ಹೋದವರು ಮಾತ್ರ ಬರಲ್ಲ.

"ಸರಿ ಮಾರಾಯ, ಆಮೆ ಒಂದೇ ತಾನೇ?" ಅನ್ನೋರಿಗೆ ಇನ್ನೂ ಒಂದು ವಿಷಯ. ಅಲ್ಲಿ ಏನೇನಿದೆ ಅಂತ ಇನ್ನೂ ಪೂರ್ತಿ ಪಟ್ಟಿಯೇ ಆಗಿಲ್ಲ. 2025ರಲ್ಲಿ ಗ್ರೇಟ್ ನಿಕೋಬಾರ್‌ನಿಂದ ವುಲ್ಫ್ ಸ್ನೇಕ್ ಗುಂಪಿನ ಒಂದು ಹೊಸ ಹಾವಿನ ಪ್ರಭೇದವನ್ನ ವಿಜ್ಞಾನಿಗಳು ವಿವರಿಸಿದರು. ಮೊಸಳೆ ಹಿಡಿಯೋ ಸ್ಟೀವ್ ಇರ್ವಿನ್ ನೆನಪಿಗೆ ಅವನ ಹೆಸರನ್ನೇ ಇಟ್ಟರು. ಅಷ್ಟು ವರ್ಷಗಳಲ್ಲಿ ಸಿಕ್ಕಿದ್ದು ಕೆಲವೇ ಕೆಲವು ಹಾವು. ಅಂದ್ರೆ ಕಾಡು ಕಡಿಯೋಕೆ ಅನುಮತಿ ಕೊಟ್ಟು ಮೂರು ವರ್ಷ ಆದ ಮೇಲೂ ಆ ಕಾಡಿನಲ್ಲಿ ಹೆಸರಿಲ್ಲದ ಹಾವು ಹರಿದಾಡ್ತಿತ್ತು. ಹೆಸರೇ ಇಲ್ಲದ ಪ್ರಾಣಿಗೆ ಪರಿಣಾಮದ ಅಂದಾಜು ಯಾವ ವರದಿಯಲ್ಲಿ ಬರುತ್ತೆ?

ದ್ವೀಪದ ಸರೀಸೃಪಗಳ ವಿಷಯದಲ್ಲಿ "ಆಮೇಲೆ ನೋಡಿಕೊಳ್ಳೋಣ" ಅಂದ್ರೆ ಏನಾಗುತ್ತೆ ಅಂತ ತಿಳಿಯೋಕೆ ಬಹಳ ದೂರ ಹೋಗಬೇಕಿಲ್ಲ. ಇದೇ ಹಿಂದೂ ಮಹಾಸಾಗರದಲ್ಲಿ, ಜಾವಾದ ದಕ್ಷಿಣಕ್ಕೆ ಕ್ರಿಸ್‌ಮಸ್ ದ್ವೀಪ ಇದೆ. ಆಸ್ಟ್ರೇಲಿಯಾದ್ದು. ಫಾಸ್ಫೇಟ್ ಗಣಿ, ಒಂದು ಬಂದರು. 1980ರ ದಶಕದಲ್ಲಿ ಏಷ್ಯಾದ ಒಂದು ವುಲ್ಫ್ ಸ್ನೇಕ್, ಬಹುಶಃ ಸರಕಿನ ಜೊತೆ, ಅಲ್ಲಿಗೆ ಬಂದು ಇಳಿಯಿತು. ಆಮೇಲಿನ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ, ದ್ವೀಪದ ಎಲ್ಲೆಂದರಲ್ಲಿ ಕಾಣ್ತಿದ್ದ ಹಲ್ಲಿ, ಅರಣೆಗಳು ಒಂದೊಂದಾಗಿ ಮಾಯವಾದವು. ಸಂಶೋಧಕರು ಎಣಿಸ್ತಿದ್ದರು, ಕಡಿಮೆ ಆಗ್ತಿದೆ ಅಂತ ಬರೀತಿದ್ದರು. ಕಾರಣ ಇದೇನಾ, ಅದೇನಾ ಅಂತ ಚರ್ಚೆ ನಡೀತಾನೇ ಇತ್ತು. ಹಾವೇ ಮುಖ್ಯ ಶಂಕಿತ ಅಂತ ಒಮ್ಮತ ಆಗೋ ಹೊತ್ತಿಗೆ ತಡವಾಗಿತ್ತು. 2009ರ ಹೊತ್ತಿಗೆ ಉಳಿದಿದ್ದನ್ನ ಹಿಡಿದು ಸಾಕೋಕೆ ಶುರುಮಾಡಿದರು. ನೀಲಿಬಾಲದ ಅರಣೆ ಮತ್ತು ಒಂದು ಜಾತಿಯ ಹಲ್ಲಿ ಹಾಗೆ ಉಳಿದುಕೊಂಡವು. ಕಾಡು ಅರಣೆಗೆ ಆ ಅದೃಷ್ಟ ಇರಲಿಲ್ಲ. ಸಾಕಿದ್ದ ಕೊನೆಯ ಒಂದಕ್ಕೆ ಗಂಪ್ ಅಂತ ಹೆಸರಿಟ್ಟಿದ್ದರು. ಅವಳು 2014ರ ಮೇ 31ರಂದು ಸತ್ತಳು. ಅಲ್ಲಿಗೆ ಆ ಪ್ರಭೇದದ ಕಥೆ ಮುಗೀತು. ಆಸ್ಟ್ರೇಲಿಯಾ ಬಡ ದೇಶ ಅಲ್ಲ, ವಿಜ್ಞಾನಿಗಳಿಗೆ ಬರ ಇರೋ ದೇಶವೂ ಅಲ್ಲ. ತಡ ಮಾಡಿದ ದೇಶ ಅಷ್ಟೇ.

ಪೆಸಿಫಿಕ್‌ನ ಗುವಾಮ್ ದ್ವೀಪದ ಕಥೆ ತಿರುಗುಮುರುಗು. ಎರಡನೇ ಮಹಾಯುದ್ಧದ ನಂತರ ಮಿಲಿಟರಿ ಸರಕಿನ ಜೊತೆ ಕಂದು ಮರಹಾವು ಬಂತು. ಕಾಡಿನ ಹಕ್ಕಿಗಳು ಕಾಣೆಯಾಗ್ತಾ ಹೋದವು. ಜನ ಕೀಟನಾಶಕ ಅಂದರು, ರೋಗ ಅಂದರು. ಹಾವೇ ಕಾರಣ ಅಂತ ಜೂಲಿ ಸಾವಿಜ್ ಅನ್ನೋ ಸಂಶೋಧಕಿ ಗಟ್ಟಿಯಾಗಿ ತೋರಿಸಿದ್ದು 1987ರಲ್ಲಿ. ಅಷ್ಟರಲ್ಲಿ ಗುವಾಮ್‌ನ ಕಾಡು ಮೌನ ಆಗಿತ್ತು. ನಮ್ಮ ಅಂಡಮಾನಿನಲ್ಲೇ ನೋಡಿ, ಭಾರತದ ಮುಖ್ಯಭೂಮಿಯ ದೊಡ್ಡ ಗೂಳಿಕಪ್ಪೆ ಅಲ್ಲಿಗೆ ಹೋಗಿ ಸೇರಿ, ಅಲ್ಲಿನ ಸಣ್ಣ ಕಪ್ಪೆ, ಹಲ್ಲಿಗಳನ್ನ ನುಂಗ್ತಾ ದ್ವೀಪದಿಂದ ದ್ವೀಪಕ್ಕೆ ಹಬ್ಬಿದೆ. ಒಂದು ಸಣ್ಣ ಊರಿನ ಸರಕಿನ ಜೊತೆಗೇ ಇಷ್ಟು ಬರೋದಾದ್ರೆ, ವರ್ಷಕ್ಕೆ ಕೋಟಿಗೂ ಮೀರಿದ ಕಂಟೇನರುಗಳನ್ನ ಇಳಿಸಿ ಹತ್ತಿಸೋಕೆಂದೇ ಕಟ್ಟೋ ಬಂದರಿನಲ್ಲಿ ಏನೇನು ಇಳಿಯಬಹುದು? ಟಿಕೆಟ್ ಇಲ್ಲದ ಪ್ರಯಾಣಿಕರಿಗೆ ಇಮಿಗ್ರೇಶನ್ ಕೌಂಟರ್ ಇರಲ್ಲ.

ಪರಿಹಾರದ ಅರಣ್ಯದ ವಿಷಯ ಹೆಚ್ಚು ಹೇಳಲ್ಲ. ಕಡಿಯೋ ಮರ ಸುಮಾರು 9.64 ಲಕ್ಷ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಅದಕ್ಕೆ ಬದಲಾಗಿ ಗಿಡ ನೆಡೋದು ಹರಿಯಾಣದಲ್ಲಿ. ಹೌದು, ಹರಿಯಾಣ. ನಿಮ್ಮ ಮನೆ ಬಾವಿ ಮುಚ್ಚಿ ರಾಜಸ್ಥಾನದಲ್ಲಿ ನಿಮ್ಮ ಹೆಸರಿಗೆ ಒಂದು ಬಕೆಟ್ ನೀರು ಇಟ್ಟ ಹಾಗೆ.

"ಇದೆಲ್ಲ ಸಿಟಿಯಲ್ಲಿ ಕೂತ ಪರಿಸರವಾದಿಗಳ ಶೋಕಿ, ಅಲ್ಲಿನ ಜನರಿಗೆ ಅಭಿವೃದ್ಧಿ ಬೇಕು" ಅನ್ನೋ ಮಾತೂ ಬರುತ್ತೆ. ಅಲ್ಲಿನ ಜನ ಏನಂತಾರೆ ಅಂತ ಕೇಳಿದ್ರಾ? ಸುನಾಮಿಗೆ ಮುಂಚೆ ನಿಕೋಬಾರಿ ಜನರ ಹಳ್ಳಿಗಳು ಆ ದಡಗಳಲ್ಲೇ ಇದ್ದವು. ಬದುಕುಳಿದವರನ್ನ ಬೇರೆ ಕಡೆ ಇಟ್ಟರು. "ನಮ್ಮೂರಿಗೆ ವಾಪಸ್ ಕಳಿಸಿ" ಅಂತ ಅವರು ಅಂದಿನಿಂದ ಕೇಳ್ತಾನೇ ಇದ್ದಾರೆ. ಈ ಯೋಜನೆಗೆ ಅವರ ಬುಡಕಟ್ಟು ಮಂಡಳಿ ಮೊದಲು ಒಪ್ಪಿಗೆ ಪತ್ರ ಕೊಟ್ಟಿತ್ತು. ಪೂರ್ತಿ ವಿವರ ನಮಗೆ ತಿಳಿಸಿರಲಿಲ್ಲ ಅಂತ 2022ರ ನವೆಂಬರಿನಲ್ಲಿ ಅದನ್ನ ವಾಪಸ್ ತಗೊಂಡಿತು. ಕಾಡಿನೊಳಗಿರೋ ಶೊಂಪೆನ್ ಜನ ಒಟ್ಟು ಕೆಲವು ನೂರು ಮಂದಿ, ಹೊರಗಿನವರ ಸಂಪರ್ಕವೇ ಕಡಿಮೆ. ಅವರ ಸಹಿ ಯಾರು ಹಾಕಿದರು? ಇನ್ನೂ ತಮಾಷೆ ಕೇಳಿ. ಗಲಾಥಿಯಾ ಕಿತ್ತುಕೊಂಡಿದ್ದಕ್ಕೆ ಸಮಾಧಾನ ಅಂತ 2022ರಲ್ಲಿ ಪಕ್ಕದ ಲಿಟಲ್ ನಿಕೋಬಾರ್ ದ್ವೀಪದಲ್ಲಿ ಲೆದರ್‌ಬ್ಯಾಕ್ ಅಭಯಧಾಮ ಅಂತ ಘೋಷಿಸಿದರು. ಅಲ್ಲಿನ ಜನ "ನಮ್ಮನ್ನ ಕೇಳಲೇ ಇಲ್ಲ" ಅಂತ ಆಕ್ಷೇಪಿಸಿದರು. ಅಂದ್ರೆ ಜನ ತಲೆಮಾರಿನಿಂದ ಕಾಪಾಡಿಕೊಂಡು ಬಂದ ದಡಕ್ಕೆ ಸರ್ಕಾರದ ಬೋರ್ಡು, ಸರ್ಕಾರ ಕಾಪಾಡಬೇಕಿದ್ದ ದಡಕ್ಕೆ ಬುಲ್ಡೋಜರ್ರು.

ಕೊನೆಯ ಅಸ್ತ್ರ ದೇಶದ ಭದ್ರತೆ. ಮಲಾಕ್ಕಾ ಜಲಸಂಧಿ ಹತ್ತಿರ, ಚೀನಾ ಹತ್ತಿರ. ಇದನ್ನ ನಾನು ನಗೆಯಾಡಲ್ಲ, ಅದು ದೊಡ್ಡ ವಿಷಯ. ಆದ್ರೆ ಅದೇ ದ್ವೀಪದ ಕ್ಯಾಂಪ್‌ಬೆಲ್ ಬೇಯಲ್ಲಿ ನೌಕಾಪಡೆಯ ಐಎನ್‌ಎಸ್ ಬಾಜ್ ವಾಯುನೆಲೆ 2012ರಿಂದ ಇದೆ. ಅದನ್ನ ಬಲಪಡಿಸಿ, ಬೇಡ ಅಂದವರು ಯಾರು? ಯುದ್ಧನೌಕೆಗೂ ಟೌನ್‌ಶಿಪ್ಪಿಗೂ ಏನು ಸಂಬಂಧ? ಕಂಟೇನರ್ ಬದಲಾಯಿಸೋ ಬಂದರು ವ್ಯಾಪಾರದ ಲೆಕ್ಕ. ಆ ಲೆಕ್ಕಕ್ಕೆ ಕೇರಳದ ವಿಳಿಂಜಂ ಬಂದರು 2025ರಲ್ಲಿ ಉದ್ಘಾಟನೆಯೇ ಆಗಿದೆ. ವ್ಯಾಪಾರಕ್ಕೆ ಸೈನಿಕನ ಯೂನಿಫಾರ್ಮ್ ಹಾಕಿಸಿ ಮುಂದೆ ನಿಲ್ಲಿಸಿದ್ರೆ ಪ್ರಶ್ನೆ ಕೇಳೋರ ಬಾಯಿ ಮುಚ್ಚುತ್ತೆ ಅನ್ನೋದು ಹಳೇ ಟ್ರಿಕ್ಕು.

ಈಗ ಮೊದಲು ಹೇಳಿದ ಕಥೆ. ಹಾಸನದ ಕಡೆಯ ನಮ್ಮೂರಲ್ಲಿ ಒಂದು ಕೆರೆ. ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯ್ತಾ ಇರ್ತಿದ್ದವು. ಕಲ್ಲು ಬಿಸಾಕಿದ್ರೆ ಡುಬುಕ್ ಡುಬುಕ್ ಅಂತ ಒಂದರ ಹಿಂದೊಂದು. ಮಳೆ ಬಿದ್ದ ಮೇಲೆ ಏರಿಯ ಮಣ್ಣಲ್ಲಿ ಮೊಟ್ಟೆ ಇಡ್ತಿದ್ದವು. ನಾನು ಪಿಯುಸಿಗೆ ಪಟ್ಟಣಕ್ಕೆ ಹೋದ ವರ್ಷ ಕೆರೆ ಅಭಿವೃದ್ಧಿ ಅಂತ ಬಂತು. ಏರಿಗೆ ಸುತ್ತ ಕಲ್ಲು ಜೋಡಿಸಿ ಸಿಮೆಂಟ್ ಹಾಕಿದರು. ನಮ್ಮ ಅಪ್ಪ ಕಂಟ್ರಾಕ್ಟರ್ ಹತ್ತಿರ "ಆಮೆ ಮೊಟ್ಟೆ ಇಡೋ ಜಾಗ ಸ್ವಾಮಿ, ಒಂದು ಕಡೆಯಾದ್ರೂ ಮಣ್ಣು ಬಿಡಿ" ಅಂದಿದ್ದಕ್ಕೆ ಆತ ನಕ್ಕು, "ಪಕ್ಕದ ಕೆರೆಗೆ ಹೋಗ್ತವೆ ಬಿಡ್ರೀ" ಅಂದ. ನಿಂತಿದ್ದವರೆಲ್ಲ ನಕ್ಕರು. ರಜಕ್ಕೆ ಬಂದಿದ್ದ ನಾನೂ ನಕ್ಕೆ. ಅಪ್ಪನ ಮಾತು ಹಳ್ಳಿ ಗಮಾರನ ಮಾತಿನ ಹಾಗೆ ಕೇಳಿಸ್ತು, ಸಿಟಿಯ ಕಂಟ್ರಾಕ್ಟರ್ ಮುಂದೆ ಮರ್ಯಾದೆ ಹೋದ ಹಾಗಾಯ್ತು.

ಹೋದ ದೀಪಾವಳಿಗೆ ಮಗಳನ್ನ ಕರ್ಕೊಂಡು ಹೋಗಿ ಆ ಬಂಡೆ ತೋರಿಸಿದೆ. "ಇಲ್ಲಿ ಆಮೆ ಇರ್ತಿದ್ವು" ಅಂದೆ. "ಎಷ್ಟು ಇತ್ತು?" ಅಂದಳು. ನನಗೆ ಗೊತ್ತಿಲ್ಲ. ಅಪ್ಪನಿಗೂ ಗೊತ್ತಿಲ್ಲ. ಇಪ್ಪತ್ತಾ, ಇನ್ನೂರಾ? ಯಾವ ಜಾತಿ? ಎಂದು ಕೊನೆಯದಾಗಿ ಕಂಡಿದ್ದು? ಯಾರೂ ಎಣಿಸಿರಲಿಲ್ಲ. ಎಣಿಸದೆ ಇದ್ದಿದ್ದಕ್ಕೆ ಅವು ಹೋಗಿದ್ದಕ್ಕೂ ಸಾಕ್ಷಿ ಇಲ್ಲ. ದಾಖಲೆ ಪ್ರಕಾರ ನಮ್ಮೂರ ಕೆರೆ "ಅಭಿವೃದ್ಧಿ" ಆಗಿದೆ, ಅಷ್ಟೇ.

ಗಲಾಥಿಯಾದ ವಿಷಯದಲ್ಲಿ ಆ ನೆಪ ನಮಗಿಲ್ಲ. ಅಲ್ಲಿ ಎಣಿಸಿದ್ದಾರೆ. ಮಳೆಯಲ್ಲಿ, ಕತ್ತಲಲ್ಲಿ, ಮೊಸಳೆ ಇರೋ ತೊರೆ ದಾಟಿ, ಸಂಬಳ ಸಿಗುತ್ತೋ ಇಲ್ಲವೋ ಗೊತ್ತಿಲ್ಲದೆ, ಕೆಲವರು ಜೀವ ಕೊಟ್ಟು. ಸಂಶೋಧಕರ ಕೆಲಸ ಅವರು ಮಾಡಿ ಮುಗಿಸಿದ್ದಾರೆ. ಓದೋ ಕೆಲಸ ನಮ್ಮದು.

ನಾನು ನಿಮಗೆ ರಾಜೀನಾಮೆ ಕೊಟ್ಟು ದ್ವೀಪಕ್ಕೆ ಹೋಗಿ ಅಂತ ಹೇಳ್ತಿಲ್ಲ. ನನಗೂ ಹೋಮ್ ಲೋನ್ ಇದೆ. ಎರಡು ಸಣ್ಣ ಕೆಲಸ ಕೇಳ್ತೀನಿ. ಯಾವುದೇ ಯೋಜನೆಯ ಪರಿಸರ ಪರಿಣಾಮ ವರದಿ ಸಾರ್ವಜನಿಕ ದಾಖಲೆ. ನಾವು ಇನ್ನೂರು ಪುಟದ ಸ್ಪೆಸಿಫಿಕೇಶನ್ ಓದಿ ತಪ್ಪು ಹುಡುಕಿ ಸಂಬಳ ತಗೊಳ್ಳೋ ಜನ. ವರ್ಷಕ್ಕೆ ಒಂದೇ ಒಂದು ವರದಿ ಅದೇ ಕಣ್ಣಿಂದ ಓದಿ. ಎಷ್ಟು ದಿನ ಸರ್ವೇ ಮಾಡಿದ್ದಾರೆ, ಯಾವ ಋತುವಿನಲ್ಲಿ ಮಾಡಿದ್ದಾರೆ ಅಂತ ಮಾತ್ರ ನೋಡಿ. ನಿಕೋಬಾರ್ ದೂರ ಅನ್ನಿಸಿದ್ರೆ ಹೊನ್ನಾವರದ ಕಾಸರಕೋಡು ಇದೆ. ಅಲ್ಲೂ ಮರಳಲ್ಲಿ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡುತ್ತೆ, ಅಲ್ಲೂ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡ್ತಿದ್ದಾರೆ. ಗೋಕರ್ಣಕ್ಕೆ ವೀಕೆಂಡ್ ಟ್ರಿಪ್ ಹೋಗ್ತೀರಲ್ಲ, ಅಲ್ಲಿಂದ ಬಹಳ ದೂರ ಇಲ್ಲ.

ಇನ್ನೊಂದು ಇನ್ನೂ ಸುಲಭ. ಮುಂದಿನ ಸಲ ಊಟದ ಟೇಬಲ್ಲಿನಲ್ಲಿ ಯಾರಾದ್ರೂ "ಪಕ್ಕಕ್ಕೆ ಹೋಗಲಿ ಬಿಡು" ಅಂದಾಗ ನಗಬೇಡಿ. "ಪಕ್ಕದಲ್ಲಿ ಏನಿದೆ ಅಂತ ನೋಡಿದೀಯಾ?" ಅಂತ ಕೇಳಿ. ನಾನು ಎರಡು ಸಲ ನಕ್ಕಿದ್ದೀನಿ. ಮೂರನೇ ಸಲ ಅಪ್ಪನ ಪಕ್ಕದಲ್ಲಿ ನಿಲ್ಲಬೇಕು ಅಂತಿದ್ದೀನಿ.